11 ತಿಂಗಳ ಬಾಡಿಗೆ ಮನೆಗೆ ಯಾವ ಕಾದಂಬರಿಗಳನ್ನು ತೆಗೆದುಕೊಂಡು ಹೋಗಲಿ?

ತೊಟ್ಟಿಮನೆ
ಎಲ್ಲರಿಗೂ ನಮಸ್ಕಾರ. ಮೈಸೂರಿನ ಸರಸ್ವತಿಪುರಂನಲ್ಲಿರುವ ನಮ್ಮ ಹಳೇ ಹೆಂಚಿನ ಮನೆ ಒಡೆದು ಹೊಸದು ಕಟ್ಟಿಸುತ್ತಿದ್ದೇವೆ. ಅಲ್ಲಿವರೆಗೆ ಕುವೆಂಪುನಗರದಲ್ಲಿ ಎರಡು ರೂಮಿನ ಬಾಡಿಗೆ ಮನೆ ಹಿಡಿದಿದ್ದೇವೆ. ಮೊದಲ ಮಹಡಿ, ಕರಾರು 11 ತಿಂಗಳಿಗೆ. ನಾನು, ನಮ್ಮೆಜಮಾನರು, ಅತ್ತೆ, ಒಂಬತ್ತನೇ ಕ್ಲಾಸಿನ ಮಗಳು, ಎರಡನೇ ಕ್ಲಾಸಿನ ಮಗ, ಇಷ್ಟು ಜನ.

ಪಾತ್ರೆ, ಮಂಚ, ಬೀರು ಎಲ್ಲಾ ಹೇಗೋ ಆಗುತ್ತೆ. ಜಗಳ ಬಂದಿರೋದು ಪುಸ್ತಕದ ವಿಷಯಕ್ಕೆ. ನಮ್ಮ ಮಾವನವರು ಜೀವಮಾನವೆಲ್ಲ ಕೂಡಿಟ್ಟ ಕಾದಂಬರಿಗಳು ನಾಲ್ಕು ಬೀರು ತುಂಬ ಇವೆ. ಅವರು ಈಗಿಲ್ಲ. ಎಲ್ಲವನ್ನೂ ರಟ್ಟಿನ ಡಬ್ಬಕ್ಕೆ ತುಂಬಿ ನಂಜನಗೂಡಿನ ನಾದಿನಿ ಮನೆಯಲ್ಲಿ ಇಟ್ಟುಬಿಡೋಣ ಅಂತ ನಮ್ಮವರು. ಒಂದು ವರ್ಷ ಒಂದೂ ಪುಸ್ತಕ ಕಣ್ಣಿಗೆ ಬೀಳದ ಮನೆಯಲ್ಲಿ ನಾನಿರಲಾರೆ. ಅತ್ತೆಯೂ ಇರಲಾರರು. ಗೋಡೆಗೆ ಮೊಳೆ ಹೊಡೆಯಬಾರದು ಅಂತ ಓನರ್ ಹೇಳಿದ್ದಾರೆ. ಹಾಲ್‌ನ ಮೂಲೆಯಲ್ಲಿ ಒಂದು ಸಣ್ಣ ಶೆಲ್ಫ್ ಇಡಬಹುದು ಅಷ್ಟೇ. 25-30 ಪುಸ್ತಕ ಹಿಡಿಯುತ್ತೆ.

ನೀವಾಗಿದ್ದರೆ ಯಾವುದನ್ನು ತರುತ್ತಿದ್ದಿರಿ? ಅತ್ತೆಗೆ ವಯಸ್ಸಾಗಿದೆ, ಆ ಮನೆಗೆ ಮದುವೆಯಾಗಿ ಬಂದವರು. ಅವರನ್ನು ಹೊಸ ಜಾಗಕ್ಕೆ ಒಗ್ಗಿಸೋದು ಹೇಗೆ ಅನ್ನೋದನ್ನೂ ಗೊತ್ತಿರೋರು ಹೇಳಿ.

ಹಾಸನದ_ಓದುಗ
ಭೈರಪ್ಪನವರ ಗೃಹಭಂಗ. ಬೇರೆ ಮಾತೇ ಇಲ್ಲ.

ಪುಟ್ಟಿ_ಅಮ್ಮ
ಅಯ್ಯೋ ಸರ್, ಮನೆ ಒಡೆಸಿ ಬಾಡಿಗೆ ಮನೆಗೆ ಹೋಗುತ್ತಿರೋರಿಗೆ ಗೃಹಭಂಗ ಓದಿ ಅಂತೀರಲ್ಲ! ಆ ಹೆಸರಿನ ಪುಸ್ತಕವನ್ನು ಹಾಲುಕ್ಕಿಸಿದ ದಿನವೇ ಶೆಲ್ಫಿನಲ್ಲಿಟ್ಟರೆ ಅತ್ತೆ ಏನಂದುಕೊಳ್ಳಬೇಕು? ತ್ರಿವೇಣಿ ಇಡಿ ಮೇಡಂ. ಹಣ್ಣೆಲೆ ಚಿಗುರಿದಾಗ, ಬೆಳ್ಳಿ ಮೋಡ. ಅವರ ವಯಸ್ಸಿನವರು ತ್ರಿವೇಣಿ ಓದಿಯೇ ಬೆಳೆದವರು.

ಹಾಸನದ_ಓದುಗ
ಹೆಸರು ನೋಡಿ ಹೆದರಬೇಡಿ. ಆ ಕಾದಂಬರಿಯಲ್ಲಿ ನಂಜಮ್ಮ ಮಾಡೋದು ಬರೀ ಅಳೋದಲ್ಲ. ಅತ್ತೆ ಗಂಗಮ್ಮನ ಹಟಕ್ಕೆ, ಗಂಡ ಚೆನ್ನಿಗರಾಯನ ಕೈಲಾಗದತನಕ್ಕೆ ಆಸ್ತಿ ಎಲ್ಲಾ ಹೋದ ಮೇಲೂ ಮುತ್ತುಗದ ಎಲೆ ಹಚ್ಚಿ ಮಾರುತ್ತಾಳೆ. ಗಂಡನ ಶ್ಯಾನುಭೋಗಿಕೆಯ ಲೆಕ್ಕ ತಾನೇ ಬರೆಯುತ್ತಾಳೆ. ಇದ್ದ ಜಾಗದಲ್ಲೇ ಸಂಸಾರ ನಿಲ್ಲಿಸುತ್ತಾಳೆ. ಪ್ಲೇಗ್ ಬಂದಾಗ ಊರಿಗೆ ಊರೇ ಹೊರಗಡೆ ಗುಡಿಸಲು ಹಾಕಿಕೊಂಡು ಇರೋ ಭಾಗ ಓದಿ. ತಾತ್ಕಾಲಿಕ ಮನೆ ಅಂದರೆ ಏನು ಅಂತ ಕನ್ನಡದಲ್ಲಿ ಅದಕ್ಕಿಂತ ಚೆನ್ನಾಗಿ ಯಾರೂ ಬರೆದಿಲ್ಲ. ನಮ್ಮ ಅಜ್ಜಿ ಚನ್ನರಾಯಪಟ್ಟಣ ಕಡೆಯವರು. ಅವರ ಬಾಯಲ್ಲಿ ಕೇಳಿದ್ದು, ಭೈರಪ್ಪನವರ ಪುಸ್ತಕದಲ್ಲಿ ಓದಿದ್ದು ನನಗೆ ಬೇರೆ ಬೇರೆ ಅನ್ನಿಸಲೇ ಇಲ್ಲ.

ಪುಟ್ಟಿ_ಅಮ್ಮ
ಅದೇ ಪ್ಲೇಗ್‌ನಲ್ಲಿ ಪಾರ್ವತಿ, ರಾಮಣ್ಣ ಸಾಯುವ ಭಾಗವನ್ನು ನಾನು ಇವತ್ತಿಗೂ ಎರಡನೇ ಸಲ ಓದಿಲ್ಲ. ಒಳ್ಳೇ ಕಾದಂಬರಿ ಅನ್ನೋದರಲ್ಲಿ ನನಗೆ ತಕರಾರಿಲ್ಲ. ಮಕ್ಕಳಿರೋ ಮನೆಗೆ, ಅದೂ ಹೊಸ ಜಾಗದ ಮೊದಲ ತಿಂಗಳಿಗೆ ಬೇಡ ಅಂತ ಅಷ್ಟೇ.

ಇಟ್ಟಿಗೆ_ಸಿಮೆಂಟ್
ನಾನು ಸಿವಿಲ್ ಕಂಟ್ರಾಕ್ಟರ್. ಕಾದಂಬರಿ ಆಮೇಲೆ, ಮೊದಲು ಕರಾರು ನೋಡಿ ಮೇಡಂ. 11 ತಿಂಗಳಲ್ಲಿ ಹಳೇ ಮನೆ ಒಡೆದು ಹೊಸದು ಕಟ್ಟಿ ಗೃಹಪ್ರವೇಶ ಮಾಡೋದು ಕಷ್ಟ. ಮಳೆ ಬಂತು, ಸೆಂಟ್ರಿಂಗ್ ಹುಡುಗರು ಊರಿಗೆ ಹೋದರು, ಮರಳು ಬರಲಿಲ್ಲ, ಏನಾದರೂ ಇದ್ದೇ ಇರುತ್ತೆ. 11 ತಿಂಗಳು ಮುಗಿದ ಮೇಲೆ ಮತ್ತೆ ಮುಂದುವರಿಸಬಹುದು, ಬಾಡಿಗೆ ಇಷ್ಟು ಪರ್ಸೆಂಟ್ ಏರಿಸಬಹುದು ಅಂತ ಈಗಲೇ ಬರೆಸಿಕೊಳ್ಳಿ. ಇಲ್ಲದಿದ್ದರೆ ಪ್ಲಾಸ್ಟರಿಂಗ್ ಹೊತ್ತಿಗೆ ಇನ್ನೊಂದು ಬಾಡಿಗೆ ಮನೆ ಹುಡುಕಬೇಕಾಗುತ್ತೆ.

ಅಡ್ವಾನ್ಸ್‌ನಲ್ಲಿ ಪೇಂಟಿಂಗ್‌ಗೆ ಎಷ್ಟು ಹಿಡಿದುಕೊಳ್ಳುತ್ತಾರೆ ಅನ್ನೋದೂ ಕರಾರಿನಲ್ಲಿ ಇರಲಿ. ಒಳಗೆ ಹೋಗುವ ದಿನವೇ ಗೋಡೆ, ನಲ್ಲಿ, ಬಾತ್‌ರೂಮ್ ಟೈಲ್ಸ್ ಎಲ್ಲದರ ಫೋಟೋ ತೆಗೆದು ಓನರ್‌ಗೆ ವಾಟ್ಸಾಪ್ ಮಾಡಿ.

ಹುಬ್ಬಳ್ಳಿ_ಹುಡುಗಿ
ಎಲ್ಲರೂ 11 ತಿಂಗಳಿಗೇ ಯಾಕೆ ಕರಾರು ಮಾಡ್ತಾರೆ? ಸುಮ್ನೆ ಒಂದು ವರ್ಷ ಅಂತ ಬರೆಯಬಾರದಾ?

ಇಟ್ಟಿಗೆ_ಸಿಮೆಂಟ್
1908ರ ನೋಂದಣಿ ಕಾಯ್ದೆ ಪ್ರಕಾರ ವರ್ಷದಿಂದ ವರ್ಷಕ್ಕೆ ಅಂತ ಅಥವಾ ಒಂದು ವರ್ಷಕ್ಕಿಂತ ಜಾಸ್ತಿ ಅವಧಿಗೆ ಕೊಟ್ಟರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸೋಕೆ 11.

ಮಾಟುಂಗಾ_ಕನ್ನಡಿಗ
ಮುಂಬೈನಲ್ಲಿ ಆ ದಾರಿ ಇಲ್ಲ. ಮಹಾರಾಷ್ಟ್ರದಲ್ಲಿ 1999ರ ಬಾಡಿಗೆ ಕಾಯ್ದೆ ಪ್ರಕಾರ 11 ತಿಂಗಳ ಕರಾರನ್ನೂ ನೋಂದಣಿ ಮಾಡಿಸಬೇಕು. ನಾವು ಇಲ್ಲಿ ಇಡೀ ಜೀವನವನ್ನೇ ಹನ್ನೊಂದು ಹನ್ನೊಂದು ತಿಂಗಳಾಗಿ ಕಳೆದವರು. ಹಾಗಾಗಿ ಹೇಳುತ್ತೇನೆ: ಪ್ರತಿ ಸಲ ಮನೆ ಬದಲಿಸಿದಾಗಲೂ ನನ್ನ ಜೊತೆ ಬಂದ ಕಾದಂಬರಿ ಯಶವಂತ ಚಿತ್ತಾಲರ ಶಿಕಾರಿ. 1979ರದ್ದು. ಬೇರೆಲ್ಲ ಹೋಯಿತು, ಅದು ಉಳಿಯಿತು. ಚಿತ್ತಾಲರು ಹನೇಹಳ್ಳಿಯವರು, ಬದುಕಿದ್ದು ಮುಂಬೈನಲ್ಲಿ. ನಾಗಪ್ಪನಿಗೆ ಈ ಊರಿನಲ್ಲಿ ಕಾಲ ಕೆಳಗಿನ ನೆಲ ಯಾವಾಗ ಜಾರುತ್ತೋ ಅನ್ನೋ ದಿಗಿಲು. ಅದು ಬಾಡಿಗೆಯಲ್ಲಿರೋರಿಗೆ ಬೇಗ ಅರ್ಥವಾಗುತ್ತೆ.

ಮಲೆನಾಡ್_ಮಳೆ
ಶಿಕಾರಿ ನನಗೂ ಇಷ್ಟ. ಆದರೆ ಮನೆಮಂದಿಗೆಲ್ಲ ಆಗೋ ಪುಸ್ತಕ ಅಲ್ಲ ಅದು. ಮೇಡಂ, ತೇಜಸ್ವಿಯವರ ಕರ್ವಾಲೊ ತನ್ನಿ. ಎರಡನೇ ಕ್ಲಾಸಿನ ಹುಡುಗನಿಗೆ ನೀವು ಓದಿ ಹೇಳಬಹುದು, ಒಂಬತ್ತನೇ ಕ್ಲಾಸಿನವಳು ತಾನೇ ಓದಿಕೊಳ್ಳುತ್ತಾಳೆ, ಅತ್ತೆ ಕೂತು ಕೇಳುತ್ತಾರೆ. ಮಂದಣ್ಣ, ಪ್ಯಾರ, ಕಿವಿ ನಾಯಿ, ಬಿರಿಯಾನಿ ಕರಿಯಪ್ಪ, ಕೊನೆಗೆ ಹಾರುವ ಓತಿ! ರಾತ್ರಿ ಊಟ ಆದ ಮೇಲೆ ದಿನಾ ಸ್ವಲ್ಪ ಸ್ವಲ್ಪ ಓದಿ. ಹೊಸ ಮನೆಯಲ್ಲಿ ಮಕ್ಕಳಿಗೆ ರಾತ್ರಿಯೇ ಕಷ್ಟ. ಬೇರೆ ಫ್ಯಾನಿನ ಸದ್ದು, ಬೇರೆ ಬೀದಿ ದೀಪ, ನಿದ್ದೆ ಬರಲ್ಲ. ದಿನಾ ಅದೇ ಹೊತ್ತಿಗೆ ಅದೇ ದನಿಯಲ್ಲಿ ಒಂದು ಕಥೆ ಅಂತಿದ್ದರೆ ಬೇಗ ಹೊಂದಿಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಆಗಿದ್ದನ್ನೇ ಹೇಳುತ್ತಿದ್ದೇನೆ.

ಕಾಫಿ_ತಿಂಡಿ
ಹಾರುವ ಓತಿ ನಿಜವಾಗಲೂ ಇದೆಯಾ? ನಾನು ಕಲ್ಪನೆ ಅಂದುಕೊಂಡಿದ್ದೆ.

ಮಲೆನಾಡ್_ಮಳೆ
ಇದೆ ಇದೆ. ಪಶ್ಚಿಮ ಘಟ್ಟದಲ್ಲಿ ಅಡಿಕೆ ತೋಟದಲ್ಲೂ ನೋಡಬಹುದು. ಪಕ್ಕೆಲುಬುಗಳ ಮೇಲೆ ಚರ್ಮ ರೆಕ್ಕೆ ತರ ಬಿಚ್ಚಿಕೊಂಡು ಒಂದು ಮರದಿಂದ ಇನ್ನೊಂದಕ್ಕೆ ತೇಲಿಕೊಂಡು ಹೋಗುತ್ತೆ. ಹಕ್ಕಿ ತರ ರೆಕ್ಕೆ ಬಡಿಯಲ್ಲ. ಗಂಡು ಓತಿಯ ಗಂಟಲ ಕೆಳಗೆ ಹಳದಿ ಚೀಲ ಇರುತ್ತೆ, ಅದನ್ನು ಚಾಚಿ ಚಾಚಿ ತೋರಿಸುತ್ತೆ. ತೊಗಟೆ ಬಣ್ಣದಲ್ಲೇ ಇರೋದರಿಂದ ಎದುರಿಗಿದ್ದರೂ ಕಾಣಲ್ಲ.

ಗ್ರಂಥಪಾಲಕಿ
ವಿಷಯಕ್ಕೆ ಬರೋಣ. ಪುಸ್ತಕ ತುಂಬುವ ಕೆಲಸ ವರ್ಷಗಟ್ಟಲೆ ಮಾಡಿದವಳು ನಾನು.

ದೊಡ್ಡ ಡಬ್ಬಕ್ಕೆ ಪುಸ್ತಕ ತುಂಬಲೇಬೇಡಿ. ಎತ್ತುವಾಗ ತಳ ಕಿತ್ತು ಬರುತ್ತೆ. ಸಣ್ಣ ಗಟ್ಟಿ ಡಬ್ಬ ಬೇಕು, ಒಬ್ಬರೇ ಎತ್ತುವಷ್ಟು. ಮದ್ಯದಂಗಡಿಯಲ್ಲಿ ಸಿಗುವ ರಟ್ಟಿನ ಡಬ್ಬಗಳು ಇದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತವೆ, ಕೇಳಲು ಸಂಕೋಚ ಪಡಬೇಡಿ. ತುಂಬುವ ಮೊದಲು ಪ್ರತಿ ಪುಸ್ತಕವನ್ನು ಒರೆಸಿ, ಒಂದು ದಿನ ಗಾಳಿಗಿಡಿ. ನೇರ ಬಿಸಿಲು ಬೇಡ, ಹಳೇ ಕಾಗದ ಪುಡಿಯಾಗುತ್ತೆ. ಒಳಗೆ ಚೆನ್ನಾಗಿ ಒಣಗಿದ ಬೇವಿನ ಎಲೆ ಹಾಕಿ, ಹಸಿ ಎಲೆ ಹಾಕಿದರೆ ಬೂಷ್ಟು ಹಿಡಿಯುತ್ತೆ. ನಂಜನಗೂಡಿನಲ್ಲಿ ಡಬ್ಬಗಳನ್ನು ನೆಲಕ್ಕೆ, ಗೋಡೆಗೆ ತಾಗಿಸಿ ಇಡಲೇಬಾರದು. ಗೆದ್ದಲು ಬರೋದೇ ಹಾಗೆ. ಕೆಳಗೆ ಮರದ ಹಲಗೆ ಬೇಡ, ಕಬ್ಬಿಣದ ಸ್ಟ್ಯಾಂಡ್ ಅಥವಾ ಹಳೇ ಕಬ್ಬಿಣದ ಮಂಚ ಹಾಕಿ. ಮಧ್ಯೆ ಒಮ್ಮೆ ಯಾರಾದರೂ ತೆಗೆದು ನೋಡಲಿ. ಯಾವ ಡಬ್ಬದಲ್ಲಿ ಏನಿದೆ ಅಂತ ಮೇಲೆ ಬರೆದು, ಅದನ್ನೇ ಒಂದು ನೋಟ್‌ಬುಕ್‌ನಲ್ಲೂ ಬರೆದಿಡಿ.

ಇನ್ನೊಂದು. 30 ಪುಸ್ತಕಕ್ಕೆ ಯಾಕೆ ನಿಲ್ಲುತ್ತೀರಿ? ಹತ್ತಿರದ ಸರ್ಕಾರಿ ಗ್ರಂಥಾಲಯಕ್ಕೆ ಮನೆಮಂದಿ ಎಲ್ಲ ಸದಸ್ಯರಾಗಿ. ನೀವು ಕಟ್ಟುವ ಆಸ್ತಿ ತೆರಿಗೆಯ ಜೊತೆ 6% ಗ್ರಂಥಾಲಯ ಕರ ಕಟ್ಟಿಯೇ ಇರುತ್ತೀರಿ. ನಿಮ್ಮ ದುಡ್ಡಿನ ಪುಸ್ತಕ ಅದು, ಹೋಗಿ ತಂದು ಓದಿ. ಪುಸ್ತಕ ಇಡೋಕೆ ಜಾಗವಿಲ್ಲದ ವರ್ಷದಲ್ಲಿ ಗ್ರಂಥಾಲಯಕ್ಕಿಂತ ದೊಡ್ಡ ಅನುಕೂಲ ಇಲ್ಲ.

ಹುಬ್ಬಳ್ಳಿ_ಹುಡುಗಿ
ಬಾಡಿಗೆ ಮನೆ ಅಂದ ಕೂಡಲೇ ನನಗೆ ನೆನಪಾದ ಕಾದಂಬರಿ ವಿವೇಕ ಶಾನಭಾಗರ ಘಾಚರ್ ಘೋಚರ್. ಆ ಸಣ್ಣ ಮನೆಯ ಇರುವೆಗಳು! ಕೈಯಲ್ಲಿ ದುಡ್ಡಿಲ್ಲದಾಗ ಎಲ್ಲರೂ ಒಟ್ಟಿಗಿದ್ದ ಮನೆ, ದುಡ್ಡು ಬಂದ ಮೇಲೆ ದೊಡ್ಡ ಮನೆ. ಮನೆ ಬದಲಾದರೆ ಮನೆಯವರೂ ಬದಲಾಗುತ್ತಾರೆ ಅನ್ನೋದನ್ನು ಎಷ್ಟು ಸಣ್ಣ ಪುಸ್ತಕದಲ್ಲಿ ಹೇಳಿದ್ದಾರೆ.

ಹಾಸನದ_ಓದುಗ
ಅದು ಕಾದಂಬರಿ ಅಲ್ಲ, ನೀಳ್ಗತೆ. 2013ರಲ್ಲಿ ಬೇರೆ ಕತೆಗಳ ಜೊತೆ ಸಂಕಲನವಾಗಿ ಬಂತು.

ಹುಬ್ಬಳ್ಳಿ_ಹುಡುಗಿ
ಶ್ರೀನಾಥ್ ಪೆರೂರ್ ಅನುವಾದ ಇಂಗ್ಲಿಷಿನಲ್ಲಿ ಒಂದೇ ಪುಸ್ತಕವಾಗಿ ಬಂದಿದೆ, ಜಗತ್ತೆಲ್ಲ ಅದನ್ನು ಕಾದಂಬರಿ ಅಂತಲೇ ಓದಿದೆ. ಪುಟ ಎಣಿಸಿ ಕಾದಂಬರಿ ಹೌದೋ ಅಲ್ಲವೋ ಹೇಳೋದು ಸರಿಯಾ? ಒಂದು ಇಡೀ ಸಂಸಾರ ಅದರೊಳಗಿದೆ. ನನಗೆ ಅಷ್ಟು ಸಾಕು.

ಹಾಸನದ_ಓದುಗ
ಪುಟದ ಮಾತಲ್ಲ. ಕಾದಂಬರಿ ಅಂದರೆ ಅದರಲ್ಲಿ ಸುಮಾರು ದಿನ ಇದ್ದು ಬರಬೇಕು. ಮಲೆಗಳಲ್ಲಿ ಮದುಮಗಳು ತೆಗೆದುಕೊಳ್ಳಿ. 1967ರಲ್ಲಿ ಬಂದದ್ದು. ಬರೀ ಅದೊಂದನ್ನೇ ಇಟ್ಟುಕೊಂಡು 11 ತಿಂಗಳು ಕಳೆಯಬಹುದು. ಕುವೆಂಪು ಹೆಸರಿನ ನಗರದಲ್ಲಿ ಬಾಡಿಗೆಗಿದ್ದು ಅದನ್ನು ಓದದೆ ಇರೋದು ಹೇಗೆ!

ಪುಟ್ಟಿ_ಅಮ್ಮ
ಮದುಮಗಳು ಓದೋಕೆ ಶುರುಮಾಡಿ ಪಾತ್ರಗಳ ಹೆಸರಲ್ಲೇ ಸೋತವರಿಗೆ ಒಂದು ಮಾತು. ಮೈಸೂರಿನ ರಂಗಾಯಣದಲ್ಲಿ 2010ರಲ್ಲಿ ಸಿ. ಬಸವಲಿಂಗಯ್ಯನವರು ಅದನ್ನು ರಾತ್ರಿಯಿಡೀ ನಾಟಕ ಮಾಡಿಸಿದರು. ಸುಮಾರು 9 ಗಂಟೆ. ಕಂಬಳಿ ಹೊದ್ದು ಕೂತು ನೋಡಿದ್ದೆವು. ಆಮೇಲೆ ಪುಸ್ತಕ ಹಿಡಿದರೆ ಗುತ್ತಿ, ತಿಮ್ಮಿ, ಹುಲಿಯ ನಾಯಿ ಎಲ್ಲಾ ಕಣ್ಣ ಮುಂದೆ. ಎಲ್ಲಾದರೂ ಮತ್ತೆ ಆಡಿದರೆ ಮಗಳನ್ನು ಕರೆದುಕೊಂಡು ಹೋಗಿ ಮೇಡಂ.

ತೊಟ್ಟಿಮನೆ
ಇಷ್ಟೊಂದು ಉತ್ತರ! ತುಂಬಾ ಸಂತೋಷ ಆಯಿತು. ಡಬ್ಬದ ಸಲಹೆ, ಕರಾರಿನ ಸಲಹೆ ಎರಡನ್ನೂ ನಮ್ಮವರಿಗೆ ಓದಿ ಹೇಳಿದೆ.

ಅತ್ತೆಯ ವಿಷಯ ಮಾತ್ರ ಯಾರೂ ಹೇಳಲಿಲ್ಲ. ಅವರು ಈಗ ಒಂದೇ ಹಟ ಹಿಡಿದಿದ್ದಾರೆ. ಮನೆ ಒಡೆಯುವ ದಿನ ಅಲ್ಲೇ ಇದ್ದು ನೋಡಬೇಕಂತೆ. ಬೇಡ ಅಂತ ನಮ್ಮವರು. ನನಗೆ ಏನೂ ತೋಚುತ್ತಿಲ್ಲ.

ಪುಟ್ಟಿ_ಅಮ್ಮ
ಬೇಡವೇ ಬೇಡ. ಜೆಸಿಬಿ ಬಂದು ಅಡುಗೆಮನೆ ಗೋಡೆಗೆ ಗುದ್ದೋದನ್ನು ಆ ವಯಸ್ಸಿನಲ್ಲಿ ನೋಡಬಾರದು. ನಮ್ಮಮ್ಮ ನೋಡಿ ಬಂದು ಎಷ್ಟೋ ದಿನ ಸರಿಯಾಗಿ ಊಟ ಮಾಡಲಿಲ್ಲ. ಆ ದಿನ ಮಗಳ ಮನೆಗೆ ಕಳಿಸಿಬಿಡಿ.

ಸಾಗರದವನು
ನನ್ನ ಅಭಿಪ್ರಾಯ ಬೇರೆ. ನಾವು ಸಾಗರದ ಕಡೆಯವರು. ನಮ್ಮ ಅಜ್ಜನ ಊರು ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿತು. ಅಣೆಕಟ್ಟೆ ಮುಗಿದದ್ದು 1964ರಲ್ಲಿ. ಮನೆಯ ತೊಲೆ, ಬಾಗಿಲು ಕಿತ್ತುಕೊಂಡು ಗಾಡಿಯಲ್ಲಿ ಹೇರಿಕೊಂಡು ಬಂದ ಜನ ನಮ್ಮವರು. ಕೆಲವರು ನೀರು ಬರುವವರೆಗೂ ನಿಂತು ನೋಡಿ ಬಂದರು, ಕೆಲವರು ಮೊದಲೇ ಹೊರಟುಬಿಟ್ಟರು. ನಮ್ಮ ಮನೆಯಲ್ಲಿ ಅಜ್ಜ ನೋಡಿದರು, ಅಜ್ಜಿಯನ್ನು ಮುಂಚೆಯೇ ಕಳಿಸಿದ್ದರು. ನೋಡಿದ ಅಜ್ಜ ಅದರ ಬಗ್ಗೆ ಕಥೆ ಹೇಳುತ್ತಿದ್ದರು, ನಗುತ್ತಲೂ ಇದ್ದರು. ನೋಡದ ಅಜ್ಜಿ ಮಾತ್ರ ಕೊನೆವರೆಗೂ ಹಿತ್ತಿಲ ಬಾಗಿಲು ಹಾಕಿ ಬಂದೆವಾ ಅಂತ ಕೇಳುತ್ತಿದ್ದರು. ಹಾಗಾಗಿ ಅತ್ತೆ ತಾವಾಗಿಯೇ ನೋಡುತ್ತೇನೆ ಅನ್ನುತ್ತಿದ್ದರೆ ತಡೆಯಬೇಡಿ. ಅದು ಅವರ ಮನೆ.

ನಾ. ಡಿಸೋಜರ ಮುಳುಗಡೆ, ದ್ವೀಪ ಎರಡನ್ನೂ ನಿಮ್ಮ ಶೆಲ್ಫಿಗೆ ಸೇರಿಸಿ ಅಂತ ಕೇಳಿಕೊಳ್ಳುತ್ತೇನೆ. ನಮ್ಮ ನೀರಿನ ಕಥೆ ಬರೆದವರು ಅವರು. 2025ರ ಜನವರಿಯಲ್ಲಿ ಹೋಗಿಬಿಟ್ಟರು. ದ್ವೀಪವನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದ್ದಾರೆ, ನಾಗಿ ಪಾತ್ರದಲ್ಲಿ ಸೌಂದರ್ಯ. ಅತ್ತೆಯ ಜೊತೆ ಕೂತು ನೋಡಬಹುದು.

ಇಟ್ಟಿಗೆ_ಸಿಮೆಂಟ್
ನೋಡಲಿ, ಆದರೆ ದೂರ ಕೂರಿಸಿ. ಧೂಳು ವಯಸ್ಸಾದವರ ಎದೆಗೆ ಆಗಲ್ಲ. ಎದುರು ಮನೆಯವರ ಜಗಲಿ ಒಳ್ಳೇದು. ಹೆಂಚು, ಮರ ಇಳಿಸುವ ಮೊದಲ ದಿನ ನೋಡಲಿ ಸಾಕು. ಆ ಕೆಲಸ ಕೈಯಲ್ಲಿ, ನಿಧಾನಕ್ಕೆ ಆಗುತ್ತೆ. ಜೆಸಿಬಿ ಬರುವ ದಿನ ಬೇಡ.

ಹಾಗೆಯೇ ಮುಂಬಾಗಿಲು, ಕಂಬ, ಕಿಟಕಿ ತೇಗದ್ದೋ ಹಲಸಿನದ್ದೋ ಆಗಿದ್ದರೆ ಒಡೆಯುವವರಿಗೆ ಬಿಟ್ಟುಕೊಡಬೇಡಿ. ಹೊಸ ಮನೆಯ ದೇವರ ಮನೆಗೆ ಆಗುತ್ತೆ.

ಗ್ರಂಥಪಾಲಕಿ
ಮಧ್ಯದ ದಾರಿ ಚೆನ್ನಾಗಿದೆ. ನಾನು ಅತ್ತೆಗೆ ಮೂಕಜ್ಜಿಯ ಕನಸುಗಳು ಕೊಡುತ್ತೇನೆ. ಕಾರಂತರ ಮೂಕಜ್ಜಿ ಒಂದು ಹಳೇ ವಸ್ತುವನ್ನು ಕೈಯಲ್ಲಿ ಹಿಡಿದರೆ ಅದರ ಹಿಂದಿನ ಕಾಲ ಕಾಣುತ್ತಾಳೆ, ಮೊಮ್ಮಗ ಸುಬ್ಬರಾಯ ಕೂತು ಕೇಳುತ್ತಾನೆ. ನಿಮ್ಮ ಮಕ್ಕಳಿಗೂ ಹಾಗೆ ಮಾಡಲು ಹೇಳಿ. ಸಾಮಾನು ಕಟ್ಟುವಾಗ ಅಟ್ಟದಿಂದ ಏನೇನೋ ಇಳಿಯುತ್ತೆ ಅಲ್ವಾ? ಸೇರು, ಪಾವು, ಅಡಕತ್ತರಿ, ಶ್ಯಾವಿಗೆ ಒರಳು. ಒಂದೊಂದನ್ನೇ ಅಜ್ಜಿಯ ಕೈಗೆ ಕೊಟ್ಟು ಇದು ಎಲ್ಲಿಂದ ಬಂತು ಅಂತ ಕೇಳಲಿ. ಮಗಳು ಬರೆದುಕೊಳ್ಳಲಿ. ಅಜ್ಜಿಗೆ ತಾನು ಸಾಮಾನಿನ ಜೊತೆ ಸಾಗಿಸಿದ ಇನ್ನೊಂದು ಸಾಮಾನು ಅನ್ನಿಸಬಾರದು.

ಕಾಫಿ_ತಿಂಡಿ
ಮೂಕಜ್ಜಿಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಓದಲೇಬೇಕು.

ಹಾಸನದ_ಓದುಗ
ಅಕಾಡೆಮಿ ಅಲ್ಲ. ಮೂಕಜ್ಜಿ ಹೆಸರಿನ ಜೊತೆ ಸೇರಿರೋದು 1977ರ ಜ್ಞಾನಪೀಠ. ಕಾರಂತರಿಗೆ ಅಕಾಡೆಮಿ ಬಂದದ್ದು ಯಕ್ಷಗಾನ ಬಯಲಾಟಕ್ಕೆ. ಅತ್ತೆಗೆ ನನ್ನ ಆಯ್ಕೆ ಬೆಟ್ಟದ ಜೀವ. ಮೂಕಜ್ಜಿಯಲ್ಲಿ ವಿಚಾರ ಜಾಸ್ತಿ. ಗೋಪಾಲಯ್ಯನವರ ಮನೆಗೆ ಹೋದರೆ ಅವರು ನಮ್ಮನ್ನು ಊಟಕ್ಕೆ ಕೂರಿಸದೆ ಬಿಡುವುದಿಲ್ಲ.

ಪುಟ್ಟಿ_ಅಮ್ಮ
ಗೃಹಭಂಗಕ್ಕಿಂತ ಇದು ಎಷ್ಟೋ ವಾಸಿ ಸರ್! ಇದಕ್ಕೆ ನನ್ನ ಓಟು. ಎಂ.ಕೆ. ಇಂದಿರಾ ಅವರನ್ನು ಮರೆಯಬೇಡಿ. ತುಂಗಭದ್ರ, ಫಣಿಯಮ್ಮ. ಮೊದಲ ಕಾದಂಬರಿ ಬಂದಾಗ ಅವರಿಗೆ 45 ದಾಟಿತ್ತು. ಇನ್ನು ಬರೆಯೋಕೆ ವಯಸ್ಸಾಯಿತು ಅನ್ನುವ ಹೆಂಗಸರಿಗೆ ನಾನು ಯಾವಾಗಲೂ ಇದನ್ನೇ ಹೇಳೋದು. ತ್ರಿವೇಣಿಯವರ ಚಾಮರಾಜಪುರಂ ಮನೆಯನ್ನು ಈಗ ಸ್ಮಾರಕ ಮಾಡಿದ್ದಾರೆ. ಅತ್ತೆಯನ್ನು ಕರೆದುಕೊಂಡು ಹೋಗಿ ಬನ್ನಿ, ನಿಮಗೆ ಹತ್ತಿರವೇ.

ಅಡುಗೆಮನೆ_ಅಕ್ಕ
ಪುಸ್ತಕದ ಮಾತಿನಲ್ಲಿ ಅಡುಗೆಮನೆ ಮರೆತಿದ್ದೀರಿ ಎಲ್ಲರೂ. ಹೋದ ದಿನವೇ ಒಲೆ, ಕುಕ್ಕರ್, ಕಾಫಿ ಫಿಲ್ಟರ್, ಸಾರಿನ ಪುಡಿ ಡಬ್ಬಿ ಮೊದಲು ತೆಗೆದಿಡಿ. ಅತ್ತೆಯ ಮಂಚ ಬಾತ್‌ರೂಮಿಗೆ ಹತ್ತಿರ ಇರಲಿ. ರಾತ್ರಿ ಎದ್ದಾಗ ಹಳೇ ಮನೆಯ ಅಂದಾಜಿನಲ್ಲಿ ಹೆಜ್ಜೆ ಇಟ್ಟು ಬೀಳುತ್ತಾರೆ, ಒಂದು ಸಣ್ಣ ದೀಪ ಹಾಕಿಡಿ. ಮೊದಲ ಮಹಡಿ ಅಂದಿರಿ, ಮೆಟ್ಟಿಲಿಗೆ ಎರಡೂ ಕಡೆ ಕಂಬಿ ಇದೆಯಾ ನೋಡಿ. ತುಳಸಿಯನ್ನು ಕುಂಡದಲ್ಲಿ ಜೊತೆಗೇ ಒಯ್ಯಿರಿ.

ಸಾಗಿಸೋದು ಯಾವಾಗ? ಆಷಾಢ ಆದರೆ ಅತ್ತೆ ಒಪ್ಪುತ್ತಾರಾ?

ತೊಟ್ಟಿಮನೆ
ಒಪ್ಪಲ್ಲ ಅಕ್ಕ. ಆಷಾಢಕ್ಕೆ ಮುಂಚೆಯೇ ಹಾಲುಕ್ಕಿಸುತ್ತೇವೆ. ಹೆಂಚು ಇಳಿಸುವ ದಿನ ಅತ್ತೆಯನ್ನು ಎದುರು ಮನೆ ಜಗಲಿಯಲ್ಲಿ ಕೂರಿಸೋದು ಅಂತ ಆಗಿದೆ, ನಮ್ಮವರೂ ಒಪ್ಪಿದರು. ಶೆಲ್ಫಿನ ವಿಷಯ ನಾನೊಬ್ಬಳೇ ತೀರ್ಮಾನ ಮಾಡಲ್ಲ. ಒಬ್ಬೊಬ್ಬರಿಗೆ ಐದೈದು ಪುಸ್ತಕ ಆರಿಸಿಕೊಳ್ಳಿ ಅಂದೆ. ಅತ್ತೆ ಮೊದಲು ತೆಗೆದದ್ದು ಶರಪಂಜರ. ಮಗ ಕರ್ವಾಲೊ ಕೈಯಲ್ಲಿ ಹಿಡಿದು ಓತಿ ಚಿತ್ರ ಎಲ್ಲಿದೆ ಅಂತ ಹುಡುಕುತ್ತಿದ್ದಾನೆ.

ಹಾಸನದ_ಓದುಗ
ಐದೈದು ಅಂದರೆ 25 ಆಯಿತು. ಇನ್ನೂ ಐದಕ್ಕೆ ಜಾಗ ಇದೆ. ಗೃಹಭಂಗ!

ಮಾಟುಂಗಾ_ಕನ್ನಡಿಗ
ಶಿಕಾರಿ!

ಇಟ್ಟಿಗೆ_ಸಿಮೆಂಟ್
ಕೊನೆಯದಾಗಿ ಒಂದು ಕರೆಂಟ್ ವಿಷಯ. ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ ಬಾಡಿಗೆಯವರಿಗೂ ಇದೆ. ಆದರೆ ನಿಮ್ಮವರ ಆಧಾರ್ ಈಗ ಸರಸ್ವತಿಪುರಂ ಮೀಟರ್‌ಗೆ ಸೇರಿರುತ್ತೆ. ಅದನ್ನು ಡಿ-ಲಿಂಕ್ ಮಾಡಿಸಿ, ಬಾಡಿಗೆ ಮನೆ ಬಿಲ್‌ನಲ್ಲಿರುವ ಖಾತೆ ಸಂಖ್ಯೆಗೆ ಹೊಸದಾಗಿ ಜೋಡಿಸಬೇಕು. ಹಿಂದಿದ್ದ ಬಾಡಿಗೆಯವರು ತಮ್ಮದನ್ನು ಬಿಡಿಸಿಕೊಂಡಿದ್ದಾರಾ ಅಂತ ಓನರ್‌ನ ಕೇಳಿ, ಅಲ್ಲೇ ಎಲ್ಲರೂ ಸಿಕ್ಕಿಹಾಕಿಕೊಳ್ಳೋದು. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಬರುತ್ತೆ. ಕಟ್ಟಡದ ಕೆಲಸಕ್ಕೆ ತಾತ್ಕಾಲಿಕ ಸಂಪರ್ಕ ಬೇರೆ ತೆಗೆದುಕೊಳ್ಳಬೇಕು, ಅದರ ದರ ಜಾಸ್ತಿ. ಒಡೆಯುವ ಮೊದಲೇ ಕರೆಂಟ್ ಕಂಪನಿ ಸೆಸ್ಕ್ ಕಚೇರಿಗೆ ಹೋಗಿ ಬನ್ನಿ.

ಅಡುಗೆಮನೆ_ಅಕ್ಕ
ಗ್ಯಾಸ್ ಏಜೆನ್ಸಿಯಲ್ಲೂ ವಿಳಾಸ ಬದಲಿಸಿ. ಸಿಲಿಂಡರ್ ಹಳೇ ಮನೆ ಬಾಗಿಲಿಗೆ ಹೋದರೆ ಅಲ್ಲಿ ತೆಗೆದುಕೊಳ್ಳೋಕೆ ಯಾರೂ ಇರಲ್ಲ.